ದವಾಖಾನೆ ಗಾಡಿಯೊಳಗಿನ ವಾಸನೆ

ಗಾಡಿಯೊಳಗೆ ಬದುಕುವುದೆಂದರೆ ಇನ್ನೊಬ್ಬರ ಮೈವಾಸನೆಯೊಳಗೆ ಬದುಕುವುದು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ಹೋಗದೆ ಇರುತ್ತಿರಲಿಲ್ಲ. ಗಂಡ ಸತ್ತ ಮೇಲೆ ನಾನು ಭೀಮಾ ದಂಡೆಯ ತವರಿಗೆ ಬಂದು ಅಣ್ಣನ ಮನೆಯ ಒಂದು ಮೂಲೆ ಹಿಡಿದಿದ್ದೆ. ಅಲ್ಲಿ ಉಣ್ಣುವ ಪ್ರತಿ ರೊಟ್ಟಿಗೂ ಅತ್ತಿಗೆಯ ಒಂದು ಮಾತು ನೆಂಜಿಕೊಳ್ಳಲು ಸಿಗುತ್ತಿತ್ತು. ಯಾದಗಿರಿಯಲ್ಲಿ ಸರಕಾರಿ ಗಾಡಿಗೆ ಆಯಾ ಬೇಕಂತೆ ಎಂದು ಕೇಳಿದಾಗ, ಗಾಡಿ ಹೇಗಿದೆ, ಜನ ಎಂಥವರು ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಏಕೀಕರಣದ ಹೊಸತು. ಕಚೇರಿಗಳ ಮೇಲಿನ ಉರ್ದು ಅಕ್ಷರಗಳಿಗೆ ಸುಣ್ಣ ಬಳಿದು ಕನ್ನಡದಲ್ಲಿ ಬರೆಸುತ್ತಿದ್ದರು. ಯಾದಗಿರಿಯಿಂದ ಶಹಾಪುರ, ಸುರಪುರದ ಹಳ್ಳಿಗಳಿಗೆ ತಿರುಗಲೆಂದು ಒಂದು ದವಾಖಾನೆ ಗಾಡಿಯನ್ನು ಕೊಟ್ಟರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಹಿಂದೆ ಎರಡು ಬಾಗಿಲು, ಒಳಗೆ ಎದುರುಬದುರು ಎರಡು ಬೆಂಚು, ಔಷಧಿ ಸೀಸೆಗಳ ಒಂದು ಕಪಾಟು. ಹೊರಡುವ ದಿನ ಮೈಸೂರು ಕಡೆಯ ಒಬ್ಬ ಸಾಹೇಬರು ಬಂದು ಹೂವಿನ ಹಾರ ಹಾಕಿಸಿಕೊಂಡು ಭಾಷಣ ಮಾಡಿದರು.

"ಇನ್ನು ಮೇಲೆ ನಾವೆಲ್ಲ ಒಂದೇ. ಹೈದರಾಬಾದಿನೋರು, ಮುಂಬೈನೋರು, ಮೈಸೂರಿನೋರು ಅನ್ನೋ ಭೇದ ಹೋಯ್ತು."

ನಾನು ನಂಬಿದೆ. ನಂಬಿ ಚಪ್ಪಾಳೆಯನ್ನೂ ತಟ್ಟಿದೆ. ಈಗ ಅದನ್ನು ನೆನೆಸಿಕೊಂಡರೆ ಅಂಗೈ ತೊಳೆದುಕೊಳ್ಳಬೇಕು ಅನಿಸುತ್ತದೆ.

ಗಾಡಿಯಲ್ಲಿ ನಾವು ನಾಲ್ಕು ಜನ. ಧಾರವಾಡ ಕಡೆಯ ನರ್ಸಬಾಯಿ, ಶಹಾಪುರದ ಕಿರಾಣಿ ಅಂಗಡಿ ಮನೆತನದ ಕಂಪೌಂಡರು, ಗೋಗಿ ಊರಿನ ಮುಸಲ್ಮಾನ ಡ್ರೈವರು, ಮತ್ತು ನಾನು. ಡ್ರೈವರನ್ನು ನಾನು ಚಾಚಾ ಎನ್ನುತ್ತಿದ್ದೆ. ರಾತ್ರಿ ನರ್ಸಬಾಯಿ, ನಾನು ಗಾಡಿಯೊಳಗೆ ಮಲಗುತ್ತಿದ್ದೆವು, ಗಂಡಸರು ಊರ ಚಾವಡಿಯಲ್ಲಿ. ಹಗಲೆಲ್ಲ ನಾಲ್ವರೂ ಆ ತಗಡಿನ ಪೆಟ್ಟಿಗೆಯೊಳಗೇ. ಕಂಪೌಂಡರು ಕಾಲಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಬಿಸಿಲಿಗೆ ಅದು ಕಮಟು ಹಿಡಿದು ಹಳೆ ಬಾಣಲೆಯ ಹಾಗೆ ನಾರುತ್ತಿತ್ತು. ತಂಬಾಕಿನ ಬಾಯಿ ಬೇರೆ. ಚಾಚಾನ ಅಂಗಿಯಲ್ಲಿ ಬೀಡಿ, ಡೀಸೆಲ್ಲು. ನರ್ಸಬಾಯಿ ಬೆವರಿನ ಮೇಲೆ ಪೌಡರು ಸುರಿದುಕೊಂಡು, ಎರಡೂ ಸೇರಿದ ಮೂರನೆಯದೊಂದು ವಾಸನೆ ಮಾಡಿಟ್ಟಿದ್ದರು. ಯಾರ ವಾಸನೆಯನ್ನೂ ಯಾರೂ ಎತ್ತಿ ಆಡುತ್ತಿರಲಿಲ್ಲ. ನಾನೂ ಆಡಲಿಲ್ಲ. ಆಯಾ ಆದವಳಿಗೆ ಮೂಗು ಇರಕೂಡದು ಎಂದೇ ನಾನು ತಿಳಿದಿದ್ದೆ.

ಗಾಡಿಯಲ್ಲಿ ಎಲ್ಲರೂ ಬೆರಗಿನಿಂದ ನೋಡುತ್ತಿದ್ದದ್ದು ಗ್ಯಾಸು. ಮುಂದಿನ ಗೋಡೆಗೆ ಒಂದು ಹಿತ್ತಾಳೆಯ ಉರುಟು ಪಾತ್ರೆಯನ್ನು ತಿರುಪು ಹಾಕಿ ಕೂರಿಸಿದ್ದರು. ಅದರ ಕೆಳಮನೆಯಲ್ಲಿ ಬೂದು ಬಣ್ಣದ ಕಾರ್ಬೈಡ್ ಕಲ್ಲು, ಮೇಲ್ಮನೆಯಲ್ಲಿ ನೀರು. ನಲ್ಲಿ ತುಸು ತಿರುವಿದರೆ ಹನಿ ಹನಿ ನೀರು ಕಲ್ಲಿನ ಮೇಲೆ ಬಿದ್ದು, ಕಲ್ಲು ಸುಂಯ್ ಎಂದು ಉಬ್ಬಿ ಗ್ಯಾಸು ಬಿಡುತ್ತಿತ್ತು. ಅದು ರಬ್ಬರ್ ನಳಿಗೆಯಲ್ಲಿ ಹೋಗಿ ಎರಡು ದೀಪಗಳಿಗೂ, ಸೂಜಿ ಕುದಿಸುವ ಒಂದು ಪುಟ್ಟ ಒಲೆಗೂ ಮುಟ್ಟುತ್ತಿತ್ತು. ದೀಪ ಹಚ್ಚಿದರೆ ಹಾಲಿನಂಥ ಬೆಳಕು. ಕಂದೀಲು ಬಿಟ್ಟರೆ ಬೇರೆ ಕಾಣದ ಹಳ್ಳಿಯ ಹೆಂಗಸರು ಬಸುರಿ ಹೊಟ್ಟೆ ಹೊತ್ತುಕೊಂಡು ಆ ಬೆಳಕನ್ನು ನೋಡುವುದಕ್ಕೇ ಬರುತ್ತಿದ್ದರು. ಉಳಿದ ಕಲ್ಲನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿ ಬಲಗಡೆಯ ಬೆಂಚಿನ ಕೆಳಗೆ ಇಟ್ಟಿದ್ದರು.

ಈ ಗ್ಯಾಸಿನ ವಿದ್ಯೆಯನ್ನು ನಮಗೆ ಕಲಿಸಿದವರು ಕಂಪೌಂಡರೇ. ಪಾತ್ರೆಯ ಮೇಲಿನ ಹಿತ್ತಾಳೆ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಓದಿ, ಯಾದಗಿರಿ ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ನಮ್ಮನ್ನು ನಿಲ್ಲಿಸಿ ಪಾಠ ಹೇಳಿದರು. ಅನ್ಯಾಯ ಯಾಕೆ ಹೇಳಲಿ, ಚೆನ್ನಾಗಿ ಹೇಳಿದರು.

"ಈ ಕಲ್ಲಿಗೆ ನೀರು ಅಂದ್ರ ಜೀವ ಬಂದಂಗ. ಒಣಗಿದ ಕೈಲೇ ಮುಟ್ಟಬೇಕು. ಡಬ್ಬಿ ಮುಚ್ಚಳ ಬಿಗೀ ಇರಬೇಕು, ಒಂದ ಹನಿ ನೀರು ಅದರ ಹತ್ರ ಬರಬಾರದು. ವಾಸನಿ ಬಂತಂದ್ರ ಮೊದಲ ಎರಡೂ ಬಾಗಲಾ ತೆರೀರಿ. ಕಡ್ಡಿ ಕೊರೀಬ್ಯಾಡ್ರಿ, ಬೀಡಿ ಹಚ್ಚಬ್ಯಾಡ್ರಿ, ಎಲ್ಲಾರೂ ಕೆಳಗ ಇಳೀರಿ. ನಳಿಗಿ ಎಲ್ಲಿ ಸೋರಾಕತ್ತದ ಅಂತ ನೋಡಬೇಕಂದ್ರ ಸಾಬೂನು ನೊರಿ ಹಚ್ರಿ, ಗುಳ್ಳಿ ಎದ್ದಲ್ಲಿ ತೂತು ಅದ. ದೀಪ ಹಿಡದು ಹುಡುಕಿದವ ಮನಿಗೆ ಬರಂಗಿಲ್ಲ."

ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಒಬ್ಬೊಬ್ಬರ ಮೂಗಿಗೂ ಹಿಡಿದರು. "ಇದ ನೋಡ್ರಿ ಆ ವಾಸನಿ. ಮೂಗಿಗೆ ಕಲಿಸಿಡ್ರಿ."

ಕೊಳೆತ ಬಳ್ಳೊಳ್ಳಿಯಂಥ, ಮೂಗಿನ ತುದಿಯಲ್ಲಿ ಕೂತು ಏಳದ ವಾಸನೆ. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಹರೆಯ, ಹೊಸ ಕೆಲಸದ ಹುರುಪು, ಸುಮ್ಮನಿರುವುದಾದರೂ ಹೇಗೆ?

"ನಮ್ಮ ಕಡೆ ಒಣಮೀನು ಮಳಿಗೆ ತೊಯ್ದ್ರ ಹಿಂಗ ನಾರ್ತದ್ರಿ" ಎಂದೆ.

ಚಾಚಾ ನಕ್ಕ. ನರ್ಸಬಾಯಿ ನಕ್ಕರು. ಕಂಪೌಂಡರು ನಗಲಿಲ್ಲ. ಹಣೆ ತುಂಬ ವಿಭೂತಿಯಿದ್ದ ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಡಬ್ಬಿಯ ಮುಚ್ಚಳ ಹಾಕಿದರು. ಮಾರನೆಯ ದಿನದಿಂದ ಕುಡಿಯುವ ನೀರಿಗೆ ಅವರದೇ ಬೇರೆ ಕೊಡ ಬಂತು, ಅದನ್ನು ನಾನು ಮುಟ್ಟಕೂಡದೆಂದು ಅಪ್ಪಣೆಯಾಯಿತು. ನನ್ನ ಬಟ್ಟೆಯ ಗಂಟನ್ನು ಇಡುವುದಕ್ಕೂ ಜಾಗ ತೋರಿಸಿದರು. ಬಲಗಡೆಯ ಬೆಂಚಿನ ಕೆಳಗೆ, ಕಾರ್ಬೈಡ್ ಡಬ್ಬಿಯ ಪಕ್ಕದಲ್ಲಿ.

ಬೇಸಿಗೆಯೆಲ್ಲ ಚೆನ್ನಾಗಿಯೇ ನಡೆಯಿತು. ನಾನು ಒಣಮೀನು ತರುತ್ತಿದ್ದೆ, ಸುಳ್ಳೇಕೆ? ಹೊಳೆದಂಡೆಯವರು ನಾವು, ಜೋಳದ ರೊಟ್ಟಿಯ ಜೊತೆ ಒಂದೆರಡು ಸುಟ್ಟ ಮೀನು ಇದ್ದರೆ ಅದೇ ಹಬ್ಬ. ಆದರೆ ಅದನ್ನು ಗಾಡಿಯಿಂದ ದೂರ, ಯಾವುದಾದರೂ ಹೊಲದ ಬದುವಿನಲ್ಲಿ ಸುಟ್ಟು ತಿಂದು, ಬೂದಿ ಹಚ್ಚಿ ಕೈ ತಿಕ್ಕಿ, ಬೇವಿನೆಲೆ ಅಗಿದೇ ವಾಪಸು ಬರುತ್ತಿದ್ದೆ. ಅವರಿಗೆ ಹೇಸಿಗೆಯಾದರೆ ಅವರ ಎದುರು ತಿನ್ನುವುದು ಬೇಡ, ಅಷ್ಟು ಮರ್ಯಾದೆ ನಮ್ಮ ಕೇರಿಯಲ್ಲೂ ಗೊತ್ತು. ಕೆಲಸ ಕಲಿತೆ. ಕೂಸಿನ ತಲೆ ಕಾಣುವ ಹೊತ್ತಿಗೆ ತಾಯಿಯ ಸೊಂಟ ಹೇಗೆ ಹಿಡಿಯಬೇಕು ಎಂದು ನರ್ಸಬಾಯಿ ಕೈ ಹಿಡಿದು ಕಲಿಸಿದರು.

"ಕಲಬುರ್ಗಿಗೆ ದಾಯಿ ತರಬೇತಿಗೆ ಹೆಣ್ಣುಮಕ್ಕಳನ್ನ ಕಳಸಾವ್ರ ಇದ್ದಾರ" ಎಂದರು ಒಂದು ದಿನ. "ನಿನ್ನ ಹೆಸರು ಹೇಳ್ತೀನಿ. ಆದ್ರ ಗಾಡಿ ಹಿರ್ಯಾರು ಕಂಪೌಂಡರು. ಅವರು ಹೂಂ ಅನ್ನಬೇಕು ನೋಡು."

ಅವತ್ತಿನಿಂದ ನನ್ನ ಜೀವವೆಲ್ಲ ಆ ಒಂದು ಹೂಂ ಎಂಬ ಮಾತಿನಲ್ಲಿ ಇತ್ತು. ತರಬೇತಿಯಾದರೆ ಸರಕಾರಿ ದಾಯಿ, ಇರುವುದಕ್ಕೆ ನನ್ನದೇ ಒಂದು ಖೋಲಿ. ಆಗದಿದ್ದರೆ ಅತ್ತಿಗೆಯ ಮೂಲೆ. ಕಂಪೌಂಡರು ಉಗುಳುವ ತಂಬಾಕಿಗೆ ಮಣ್ಣು ಮುಚ್ಚುವುದರಿಂದ ಹಿಡಿದು ಎಲ್ಲವನ್ನೂ ಹೇಸದೆ ಮಾಡಿದೆ.

ಮಳೆಗಾಲ ಬಂತು. ನಮ್ಮ ಎರೆಮಣ್ಣು ಒಣಗಿದಾಗ ಕಲ್ಲು, ತೊಯ್ದರೆ ಅಂಟು. ಗಾಡಿಯ ಚಕ್ರ ಹೂತು ಎತ್ತು ಕಟ್ಟಿ ಎಳೆಸುವುದೇ ದಿನದ ಕೆಲಸವಾಯಿತು. ತಗಡಿನ ಮಾಡು ಸೋರಿ, ಬೆಂಚಿನ ಕೆಳಗೆಲ್ಲ ತೇವ. ಕಾರ್ಬೈಡ್ ಡಬ್ಬಿಯ ಮುಚ್ಚಳಕ್ಕೆ ತುಕ್ಕು ಹಿಡಿದು ಅದು ಬಿಗಿಯಾಗಿ ಕೂರದೆ ಹೋಯಿತು. ಕಂಪೌಂಡರು ಅದರ ಮೇಲೆ ಒಂದು ಗೋಣಿತಟ್ಟು ಮಡಚಿ ಇಟ್ಟರು. ಗೋಣಿಗೂ ತೇವ ಏರಿತು. ಆಗ ಆ ವಾಸನೆ ಶುರುವಾಯಿತು.

ಶ್ರಾವಣ ಮಾಸ. ಶ್ರಾವಣದಲ್ಲಿ ನಮ್ಮ ಕೇರಿಯ ಒಲೆಯ ಮೇಲೂ ಮೀನು ಏರುವುದಿಲ್ಲ. ನಾನು ನನ್ನ ಒಣಮೀನನ್ನೆಲ್ಲ ಅಣ್ಣನ ಮನೆಯಲ್ಲಿ ಇಟ್ಟು ಬಂದಿದ್ದೆ. ಇದನ್ನು ಯಾರೂ ಕೇಳಲಿಲ್ಲ. ಕಂಪೌಂಡರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಗಾಡಿ ಹತ್ತಿದವರೇ ಮೂಗು ಮುರಿದು ನನ್ನ ಕಡೆ ನೋಡಿದರು.

"ಶ್ರಾವಣದಾಗೂ ಬಿಡಂಗಿಲ್ಲೇನು?"

"ಏನ್ರಿ?"

"ಏನಂತ ನಿನಗ ಗೊತ್ತದ."

ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮೀನು ತಂದಿಲ್ಲವೆಂದು ಆಣೆ ಮಾಡಿದೆ. ನರ್ಸಬಾಯಿ ಕಿಟಕಿ ತೆರೆದರು. ಮಾರನೆಯ ದಿನ ಮಳೆ ಜೋರಾಯಿತು, ವಾಸನೆಯೂ ಜೋರಾಯಿತು. ಅದು ನನ್ನ ಗಂಟಿದ್ದ ಕಡೆಯಿಂದಲೇ ಬರುತ್ತಿತ್ತು, ಅದಂತೂ ಸುಳ್ಳಲ್ಲ. ಗಂಟಿನೊಳಗಿನ ಸೀರೆಯನ್ನು ಉಟ್ಟರೆ ಸೀರೆಯೂ ನಾರುತ್ತಿತ್ತು. ಡಬ್ಬಿಯ ಪಕ್ಕದಲ್ಲಿಟ್ಟದ್ದು ಡಬ್ಬಿಯ ಹಾಗೆ ನಾರದೆ ಮಲ್ಲಿಗೆಯ ಹಾಗೆ ಘಮಘಮಿಸುತ್ತದೆಯೇ? ಆದರೆ ಈ ಮಾತು ಆಗ ನನಗೇ ಹೊಳೆಯಲಿಲ್ಲ. ಬೇವಿನ ಗಿಡದ ಕೆಳಗೆ ಮೂಗಿಗೆ ಹಿಡಿಸಿಕೊಂಡಿದ್ದ ವಾಸನೆ ಅದೇ ಎಂದು ನಾಲ್ವರಲ್ಲಿ ಒಬ್ಬರ ಮೂಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ನಾರುವವಳು ಇವಳೇ ಎಂದು ತೀರ್ಮಾನವಾದ ಮೇಲೆ ಬೆಂಚಿನ ಕೆಳಗೆ ಬಗ್ಗಿ ನೋಡುವ ಕಷ್ಟ ಯಾರು ತೆಗೆದುಕೊಳ್ಳುತ್ತಾರೆ?

ನಾನು ಮೈ ತಿಕ್ಕಲು ಶುರು ಮಾಡಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹಳ್ಳದ ನೀರಿನಲ್ಲಿ ಸೀಗೆಪುಡಿ, ಕಡಲೆಹಿಟ್ಟು ಹಾಕಿ ತೋಳು ಕೆಂಪಾಗುವ ತನಕ. ಸೆರಗನ್ನು ಮೂಗಿಗೆ ಹಿಡಿದು ನೋಡುವುದು, ಕಂಕುಳ ಮೂಸುವುದು, ಕೂದಲು ಮುಂದೆ ಎಳೆದುಕೊಂಡು ಮೂಸುವುದು. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆ ದಿನವಿಡೀ ಹೆಗಲು ಮುಟ್ಟಿಕೊಂಡು ತಿರುಗಿದೆ. ಒಂದು ಸಂಜೆ ನರ್ಸಬಾಯಿ ನನ್ನನ್ನು ಬದಿಗೆ ಕರೆದು ತಮ್ಮ ಪೌಡರ್ ಡಬ್ಬಿ ಕೊಟ್ಟರು.

"ಬ್ಯಾಸರ ಮಾಡ್ಕೋಬ್ಯಾಡ. ಇದನ್ನ ಒಂದಿಷ್ಟು ಹಚ್ಕೊ."

ಕಂಪೌಂಡರ ಬೈಗುಳ ನನಗೆ ಅಷ್ಟು ನಾಟಿರಲಿಲ್ಲ. ಈ ಪ್ರೀತಿಯ ಪೌಡರು ನಾಟಿತು. ಅದನ್ನು ಹಚ್ಚಿಕೊಂಡೆ ಕೂಡ. ಥೂ.

ಶ್ರಾವಣದ ಕೊನೆಗೆ ಬರುವ ಅಮಾವಾಸ್ಯೆಯ ದಿನ ನಾವು ಸುರಪುರದ ಗುಡ್ಡದ ಕೆಳಗಿನ ಒಂದು ಹಳ್ಳಿಯಲ್ಲಿದ್ದೆವು. ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿ ಇದ್ದವರೆಲ್ಲ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಲೋಬಾನ ಹಾಕುತ್ತಾರೆ. ಎತ್ತಿನ ಗಾಡಿಯಾಗಲಿ ಮೋಟಾರಾಗಲಿ, ಹಿಂದೂವಾಗಲಿ ಮುಸಲ್ಮಾನನಾಗಲಿ, ಆ ಹೊಗೆ ಎಲ್ಲರಿಗೂ ಬೇಕು. ಪ್ರತಿ ಅಮಾವಾಸ್ಯೆಗೂ ಚಾಚಾ ಅದನ್ನು ಮಾಡುತ್ತಿದ್ದ, ಗಾಡಿಯ ಹೊರಗೆ, ರೇಡಿಯೇಟರಿನ ಮುಂದೆ. ಈ ಸಲ ಕಂಪೌಂಡರು ಗಾಡಿಯ ಒಳಗೂ ಆಗಬೇಕೆಂದರು. ಮೊದಲು ನನ್ನ ಗಂಟು ಹೊರಗೆ ಬರಲಿ ಎಂದರು.

ಮಳೆ ನಿಂತು ಹೊಳವಾಗಿತ್ತು. ಚಾವಡಿಯ ಮುಂದೆ ಬಸುರಿಯರು, ಕೂಸು ಎತ್ತಿಕೊಂಡವರು ಒಂದು ಹಿಂಡು ಹೆಂಗಸರು ಕಾಯುತ್ತಿದ್ದರು. ಅವರೆಲ್ಲರ ಎದುರಿಗೆ ಚಾಚಾನ ಕೈಯಿಂದ ನನ್ನ ಗಂಟು ಬಿಚ್ಚಿಸಿದರು. ಎರಡು ಸೀರೆ, ಒಂದು ಕುಬಸ, ಬಾಚಣಿಗೆ, ಒಂದು ಹಿಡಿ ಪುಠಾಣಿ. ತಿಂಗಳಿಗೊಮ್ಮೆ ಬೇಕಾಗುವ ಅರಿವೆ ತುಂಡುಗಳು ಕೂಡ. ಚಾಚಾ ಅವನ್ನು ಕಂಡು ಮುಖ ತಿರುಗಿಸಿ, ಹಾಗೇ ಮಡಚಿ ಗಂಟು ಕಟ್ಟಿದ.

"ಇದರಾಗ ಮೀನು ಇಲ್ರಿ ಸಾಹೇಬ್" ಎಂದ.

ಕಂಪೌಂಡರು ಗಂಟಿನ ಕಡೆ ಇನ್ನೊಮ್ಮೆ ನೋಡಿದರು. ನಾನು ಉಸಿರು ಬಿಟ್ಟೆ. ಮುಗಿಯಿತು, ಇನ್ನು ಆ ಮೂಗು ಬೇರೆ ಕಡೆ ತಿರುಗುತ್ತದೆ ಅಂದುಕೊಂಡೆ. ಆಗ ಅವರು ಶಾಂತವಾಗಿ, ಔಷಧಿಯ ಪ್ರಮಾಣ ಹೇಳುವ ದನಿಯಲ್ಲಿ ಹೇಳಿದರು.

"ಗಂಟಿನಾಗ ಇಲ್ಲಂದ್ರ ಆಕಿ ಮೈಯಾಗ ಅದ. ಹುಟ್ಟಿದಾಗಿಂದ ತಿಂದದ್ದು, ತೊಳದ್ರ ಹೋಗ್ತದೇನು?"

ನಾನು ನರ್ಸಬಾಯಿಯ ಕಡೆ ನೋಡಿದೆ. ರಾತ್ರಿಯೆಲ್ಲ ನನ್ನ ಎದುರು ಬೆಂಚಿನಲ್ಲಿ ಮಲಗುತ್ತಿದ್ದ, ನನ್ನ ಕೈ ಹಿಡಿದು ಹೆರಿಗೆ ಕಲಿಸಿದ ನರ್ಸಬಾಯಿ. ಅವರು ಕರವಸ್ತ್ರವನ್ನು ಮೂಗಿಗೆ ಹಿಡಿದು ನಿಂತಿದ್ದರು. "ಗೌಡರ ಮನಿಯಾಗ ಬಾಣಂತಿ ನೋಡಿ ಬರ್ತೀನಿ" ಎಂದು ಚೀಲ ಹಿಡಿದು ಹೊರಟುಹೋದರು. ಇಷ್ಟು ವರ್ಷವಾದರೂ, ಕಂಪೌಂಡರ ಆ ಮಾತಿಗಿಂತ ಹೆಚ್ಚು ಹೇಸಿಗೆ ನನಗೆ ಆ ಕರವಸ್ತ್ರದ ಮೇಲೆ.

"ನಾಳೆ ಬಸ್ಸಿಗೆ ಯಾದಗಿರಿಗೆ ಹೋಗಿಬಿಡು. ತರಬೇತಿ ಗಿರಬೇತಿ ಅಂತ ಮನಸಿನಾಗ ಇಟ್ಕೋಬ್ಯಾಡ. ಹೆರಿಗಿ ಮಾಡೋ ಕೈ ಇದಲ್ಲ" ಎಂದರು ಕಂಪೌಂಡರು.

ನಾನು ಗಂಟು ಎತ್ತಿಕೊಂಡು ಚಾವಡಿಯ ಕಟ್ಟೆಯ ಮೇಲೆ, ಕಾಯುತ್ತಿದ್ದ ಹೆಂಗಸರ ಜೊತೆ ಕೂತೆ. ಒಬ್ಬಳು ಮುದುಕಿ ತನಗೆ ತಿಳಿಯದ ಹಾಗೆಯೇ ತುಸು ಆಚೆ ಸರಿದಳು. ಅಳು ಬರಲಿಲ್ಲ. ಅಲ್ಲಿಂದ ಗಾಡಿಯೊಳಗೆ ನಡೆಯುವುದೆಲ್ಲ ಕಾಣುತ್ತಿತ್ತು.

ಕಂಪೌಂಡರು ಪಂಚೆ ಮೇಲೆ ಕಟ್ಟಿ ಗೋಮೂತ್ರ ಬೆರೆಸಿದ ನೀರನ್ನು ಬಕೆಟ್ಟಿನಲ್ಲಿ ತಂದರು. ನೆಲದ ಮೇಲೆ, ಬೆಂಚಿನ ಮೇಲೆ, ಆಮೇಲೆ ನನ್ನ ಗಂಟು ಇದ್ದ ಜಾಗಕ್ಕೆ ವಿಶೇಷವಾಗಿ, ಬಲಗಡೆಯ ಬೆಂಚಿನ ಕೆಳಗೆ, ಉಳಿದ ನೀರನ್ನೆಲ್ಲ ಒಮ್ಮೆಗೇ ಸುರಿದರು. ಚಾಚಾನಿಗೆ ಊರೊಳಗೆ ಕೆಂಡ ತರಲು ಹೇಳಿದರು. ಆಮೇಲೆ ಕಿಟಕಿ ಎಳೆದರು, ಎರಡೂ ಬಾಗಿಲು ಮುಚ್ಚಿದರು. ಮಳೆ ಮತ್ತೆ ಹನಿಯುತ್ತಿತ್ತು. ಒಳಗೆ ಶುದ್ಧವಾದದ್ದು ಹೊರಗಿನ ಕೆಸರಿಗೆ ಮೈಲಿಗೆಯಾಗಬಾರದಲ್ಲ. ಹೆಂಗಸರು ಗಾಡಿಯ ಹತ್ತಿರ ಬಂದಾಗ ತೊಳೆದ ಮೆಟ್ಟಿಲು ತುಳಿಯುತ್ತಾರೆಂದು ಗದರಿಸಿ ಚಾವಡಿಗೆ ಅಟ್ಟಿದರು. ಆ ಗದರಿಕೆಯೊಂದು ಅವರು ಅವತ್ತು ಮಾಡಿದ ಪುಣ್ಯ.

ಬೇವಿನ ಗಿಡದ ಕೆಳಗೆ ಅವರು ಹೇಳಿದ್ದೇನು? ಕಲ್ಲಿನ ಹತ್ತಿರ ನೀರು ಬರಬಾರದು. ವಾಸನೆ ಬಂದರೆ ಬಾಗಿಲು ತೆರೆಯಬೇಕು. ಕೆಂಡ, ಕಡ್ಡಿ ಹತ್ತಿರ ತರಬಾರದು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರೆ. ಇವರು ಗಾಳವನ್ನೂ ಹಾಕಲಿಲ್ಲ, ಇವರಿಗೆ ನಿಜವಾಗಿಯೂ ನೆನಪಾಗಲಿಲ್ಲ. ಗ್ಯಾಸಿನ ಶಾಸ್ತ್ರ ಗ್ಯಾಸಿಗೆ. ಇದು ಗ್ಯಾಸಲ್ಲ, ಇದು ನಾನು.

ಚಾಚಾ ಮಣ್ಣಿನ ಧೂಪದ ಪಾತ್ರೆಯಲ್ಲಿ ಕೆಂಡ ತಂದುಕೊಟ್ಟು ಬೀಡಿ ಸೇದಲು ಚಾವಡಿ ಗೋಡೆಯ ಆಚೆ ಹೋದ. ಕಂಪೌಂಡರು ಕೆಂಡದ ಮೇಲೆ ಲೋಬಾನ ಉದುರಿಸಿ, ಬಾಯಲ್ಲಿ ಮಂತ್ರ ಅನ್ನುತ್ತ, ಎಡಗೈಯಿಂದ ಹಿಂದಿನ ಬಾಗಿಲು ತೆರೆದರು. ಬಲಗೈಯ ಪಾತ್ರೆಯನ್ನು ಒಳಗೆ ಚಾಚಿದರು.

ಸದ್ದು ನನಗೆ ನೆನಪಿಲ್ಲ. ಕಪಾಟಿನ ಸೀಸೆಗಳು ಒಡೆದು ಹೊರಗೆ ಚೆಲ್ಲಿದ್ದು ನೆನಪಿದೆ. ಒಂದು ಬಾಗಿಲು ಹಾರಿ ಕೆಸರಿನಲ್ಲಿ ನಿಂತಿತ್ತು. ಕಂಪೌಂಡರು ಅಂಗಾತ ಬಿದ್ದಿದ್ದರು. ಅಂಗಿಯ ತೋಳು ಉರಿಯುತ್ತಿತ್ತು, ಹುಬ್ಬು, ಮೀಸೆ ಇರಲಿಲ್ಲ, ಮುಖ ಸುಟ್ಟು ಸುಲಿದ ಬದನೆಕಾಯಿಯ ಹಾಗಾಗಿತ್ತು. ಹೆಂಗಸರು ಚೀರುತ್ತ ಓಡಿದರು. ನಾನು ಗಂಟು ಬಿಟ್ಟು ಅವರ ಕಡೆ ಓಡಿದೆ. ಒಳ್ಳೆಯತನದಿಂದ ಓಡಿದೆ ಎಂದು ಈಗ ಬರೆಯಬಹುದು. ನಿಜ ಅದಲ್ಲ. ಆಯಾ ಆಗಿದ್ದ ಅಭ್ಯಾಸಬಲ, ಕಾಲು ತಾನೇ ಓಡಿತು.

ಹತ್ತಿರದಲ್ಲಿ ಇದ್ದ ನೀರು ಅವರದೇ ಕೊಡದ್ದು, ನಾನು ಮುಟ್ಟಬಾರದ ಕೊಡ. ಅದನ್ನೇ ಎತ್ತಿ ಅವರ ತೋಳಿನ ಮೇಲೆ, ಮುಖದ ಮೇಲೆ ಸುರಿದೆ. ಚಾಚಾ ನೀರಲ್ಲಿ ತೋಯಿಸಿದ ಗೋಣಿ ತಂದು ಗಾಡಿಯ ಒಳಗಿನ ಬೆಂಕಿಯ ಮೇಲೆ ಹಾಕಲು ಹೋದ. ಡಬ್ಬಿಯಲ್ಲಿ ಇನ್ನೂ ಕಲ್ಲು ಸುಂಯ್ ಅನ್ನುತ್ತಿತ್ತು. ಆಗ ಆ ವಾಸನೆ ನನ್ನ ಮೂಗಿಗೆ ಸರಿಯಾಗಿ ಬಡಿಯಿತು. ಇಷ್ಟು ದಿನ ನನ್ನ ಸೆರಗಿನಲ್ಲಿ, ಕಂಕುಳಲ್ಲಿ, ಕೂದಲಲ್ಲಿ ಹುಡುಕಿದ್ದು ಅಲ್ಲಿ ಬೆಂಚಿನ ಕೆಳಗೆ ಕುದಿಯುತ್ತ ಕೂತಿತ್ತು.

"ಚಾಚಾ, ನೀರ ಹಾಕಬ್ಯಾಡ. ಡಬ್ಬಿ ಅದು" ಎಂದು ಕೂಗಿದೆ. ಅವನು ಹಿಂದೆ ಸರಿದ. ಉರಿ ತಾನೇ ಇಳಿಯುವ ತನಕ ದೂರ ನಿಂತೆವು.

ಎಂಜಿನಿಗೆ ಏನೂ ಆಗಿರಲಿಲ್ಲ. ಸುರಪುರದ ದವಾಖಾನೆಗೆ ಒಂದೇ ಬಾಗಿಲಿನ ಆ ಗಾಡಿಯಲ್ಲೇ ಹೋದೆವು. ನರ್ಸಬಾಯಿ ಓಡಿ ಬಂದವರು ಚಾಚಾನ ಪಕ್ಕ ಮುಂದೆ ಕೂತರು. ಹಿಂದೆ, ಕರಿ ಹಿಡಿದ ನೆಲದ ಮೇಲೆ, ಕಂಪೌಂಡರ ತಲೆ ನನ್ನ ತೊಡೆಯ ಮೇಲೆ. ಗಾಡಿ ಕುಲುಕಿದಾಗಲೆಲ್ಲ ನರಳುತ್ತಿದ್ದರು. ಕಣ್ಣು ಊದಿ ಮುಚ್ಚಿದ್ದವು. ನೀರು ಕೇಳಿದರು. ಬೊಗಸೆಯಲ್ಲಿ ಕೊಟ್ಟೆ. ಕುಡಿದರು. ಮತ್ತೆ ಕೇಳಿದರು, ಮತ್ತೆ ಕುಡಿದರು. ನನ್ನ ಬೆರಳು ಅವರ ತುಟಿಗೆ ತಾಗಿತು. ಸುಟ್ಟ ಕೂದಲು, ಸುಟ್ಟ ಚರ್ಮ, ಗೋಮೂತ್ರ, ಟಿಂಚರು, ಎಲ್ಲ ಸೇರಿದ ಆ ನಾತವನ್ನು ದಾರಿಯುದ್ದಕ್ಕೂ ನಾನು ಒಳಗೆ ಎಳೆದುಕೊಂಡೆ. ವಾಂತಿ ಉಮ್ಮಳಿಸಿತು, ನುಂಗಿಕೊಂಡೆ. ಅವರ ಎದುರು ಮೂಗು ಮುಚ್ಚಲಿಲ್ಲ. ಹಟಕ್ಕೆ ಮುಚ್ಚಲಿಲ್ಲ.

"ಯಾರವಾ ನೀ?" ಎಂದರು ಗುಡ್ಡ ಹತ್ತುವಾಗ.

"ಆಯಾ ಇದೀನ್ರಿ."

ಆಮೇಲೆ ಅವರು ನೀರು ಕೇಳಲಿಲ್ಲ.

ಮನುಷ್ಯ ಬದುಕಿದರು. ತಿಂಗಳಾದ ಮೇಲೆ ಶಹಾಪುರದ ಬಂಗಲೆಯಲ್ಲಿ ವಿಚಾರಣೆ ನಡೆಯಿತು. ಹಾರ ಹಾಕಿಸಿಕೊಂಡಿದ್ದ ಅದೇ ಮೈಸೂರಿನ ಸಾಹೇಬರು. ಡಬ್ಬಿಯ ತುಕ್ಕು ಹಿಡಿದ ಮುಚ್ಚಳ ಮೇಜಿನ ಮೇಲಿತ್ತು. ನೀರು ಬಿದ್ದು ಗ್ಯಾಸು ಎದ್ದಿತೆಂದು ಎಲ್ಲರಿಗೂ ಆಗ ತಿಳಿದಿತ್ತು, ಅದರಲ್ಲಿ ವಾದವಿರಲಿಲ್ಲ. ನನ್ನ ಮೇಲಿನದು ಇನ್ನು ತೊಳೆದುಹೋಯಿತು ಎಂದು ನಾನು ಒಳಗೊಳಗೇ ಹಗುರಾಗಿದ್ದೆ. ಕಂಪೌಂಡರು ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ನೀವೇ ಪಾಠ ಹೇಳಿದೋರು. ಆ ವಾಸನೆ ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದರು ಸಾಹೇಬರು.

"ಹೆಂಗ ಗೊತ್ತಾಗಬೇಕ್ರಿ? ಗಾಡಿ ತುಂಬ ಈಕಿ ಮೀನಿನ ವಾಸನಿ. ಅದರಾಗ ಗ್ಯಾಸಿನ ವಾಸನಿ ಮುಚ್ಚಿಹೋತು. ಈಕಿ ಇರಲಿಲ್ಲಂದ್ರ ಮೊದಲ ದಿನಾನೇ ಹಿಡೀತಿದ್ದೆ ರೀ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಾದೆ ಕೇಳುವಾಗ ನಗು ಬರುತ್ತದೆ. ಬರೆ ಬೀಳುವಾಗ ಎ‌ಮ್ಮೆಗೆ ನಗು ಬರುವುದಿಲ್ಲ.

ಚಾಚಾ ಎದ್ದು ನಿಂತು ಹೇಳಿದ. "ಗಂಟು ನಾನೇ ಬಿಚ್ಚಿ ನೋಡೀನ್ರಿ ಸಾಹೇಬ್. ಮೀನು ಇರಲಿಲ್ಲ."

ಸಾಹೇಬರು ನರ್ಸಬಾಯಿಯ ಕಡೆ ತಿರುಗಿದರು. ಅವರು ನೆಲ ನೋಡಿದರು. "ವಾಸನಿ ಇದ್ದದ್ದು ಖರೆ ರೀ. ಯಾತರದಂತ ನನಗ ಹೇಳಾಕ ಬರಂಗಿಲ್ಲ."

ಸಾಹೇಬರು ಒಳ್ಳೆಯವರೇ. ಅವರಿಗೆ ಊಟದ ಹೊತ್ತಾಗಿತ್ತು. ಯಾರ ಮೇಲೂ ತಪ್ಪು ಹೊರಿಸದೆ, ಎಲ್ಲರಿಗೂ ಸಮಾಧಾನವಾಗುವ ಹಾಗೆ ಮುಗಿಸಬೇಕಿತ್ತು. "ಜಗಳ ಯಾಕೆ? ಆಯಾನ ಗಾಡಿಯಿಂದ ತೆಗೆದುಬಿಡೋಣ. ಬೇರೆಯವಳನ್ನ ಹಾಕೋಣ" ಎಂದರು. ನಾವೆಲ್ಲ ಒಂದೇ ಎಂದಿದ್ದ ಬಾಯಿ.

ನನ್ನೊಳಗೆ ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಗೇ ಮೇಲಕ್ಕೆ ಬಂತು. ಕಿರುಚಬೇಕೆಂದಿದ್ದೆ. ಬಾಯಿಂದ ಬಂದದ್ದು ಮಾತ್ರ ತಣ್ಣಗಿತ್ತು.

"ತೆಗೀರಿ ಸಾಹೇಬ್ರ. ಗಾಡಿ ನನಗೂ ಬ್ಯಾಡ. ಆದ್ರ ತೆಗದು ಮನಿಗೆ ಕಳಸಬ್ಯಾಡ್ರಿ, ಕಲಬುರ್ಗಿ ತರಬೇತಿಗೆ ಕಳಸ್ರಿ. ಹಡಿಯೋ ಹೆಂಗಸು ಯಾರ ಮೈನೂ ಮೂಸಿ ನೋಡಂಗಿಲ್ಲ."

ಸಾಹೇಬರಿಗೆ ಅದು ಸುಲಭದ ದಾರಿಯಾಗಿ ಕಂಡಿರಬೇಕು. ಕಳಿಸಿದರು. ನನ್ನ ಕೈ ಒಳ್ಳೆಯದೆಂದು ಕಳಿಸಿದ್ದಲ್ಲ, ನನ್ನ ವಾಸನೆ ದೂರವಾಗಲೆಂದು ಕಳಿಸಿದ್ದು. ಅದು ಗೊತ್ತಿದ್ದೇ ಹೋದೆ.

ಆಮೇಲೆ ಸರಕಾರಿ ದಾಯಿಯಾಗಿ ಇದೇ ಊರುಗಳಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದೆ. ವಿಭೂತಿ ಮನೆಗಳಲ್ಲಿ, ಗೌಡರ ಮನೆಗಳಲ್ಲಿ, ನಮ್ಮ ಕೇರಿಯಲ್ಲಿ ಕೂಸುಗಳನ್ನು ಈ ಕೈಯಲ್ಲೇ ಹಿಡಿದೆ. ಹೆರಿಗೆ ನೋವಿನಲ್ಲಿ ಯಾರಿಗೂ ಮೂಗು ಇರುವುದಿಲ್ಲ. ಕೂಸು ಅತ್ತ ಮೇಲೆ ಮೂಗು ವಾಪಸು ಬರುತ್ತದೆ. ಆಗ ನನಗೆ ಚಹಾ ಹಿತ್ತಲಲ್ಲಿ, ಬೇರೆ ಲೋಟದಲ್ಲಿ. ಕುಡಿಯದೆ ಎದ್ದು ಬಂದ ಮನೆಗಳೂ ಇವೆ.

ಈಗ ಯಾದಗಿರಿಯಲ್ಲಿ ನನ್ನದೇ ಒಂದು ಪುಟ್ಟ ಮನೆಯಿದೆ, ಅಡುಗೆಮನೆಯಲ್ಲಿ ಕೆಂಪು ಸಿಲಿಂಡರಿದೆ. ಅದನ್ನು ಮೊದಲ ಸಲ ಜೋಡಿಸಲು ಬಂದಾತ ನನಗೆ ಪಾಠ ಹೇಳಿದ. ಅಕ್ಷರಕ್ಷರವೂ ಹಳೆಯ ಪಾಠವೇ. ವಾಸನೆ ಬಂದರೆ ಬಾಗಿಲು ತೆಗಿ, ಕಡ್ಡಿ ಕೊರೆಯಬೇಡ, ಸ್ವಿಚ್ಚು ಮುಟ್ಟಬೇಡ, ರೆಗ್ಯುಲೇಟರ್ ಮುಚ್ಚು, ಸೋರುವ ಜಾಗವನ್ನು ಸಾಬೂನಿನ ನೊರೆಯಲ್ಲಿ ಹುಡುಕು. ಹೊಸದೊಂದನ್ನೂ ಹೇಳಿದ.

"ಗ್ಯಾಸಿಗೆ ವಾಸನಿನೇ ಇಲ್ಲ ಅಜ್ಜಿ. ಜನಕ್ಕ ಗೊತ್ತಾಗ್ಲಿ ಅಂತ ಬೇಕಂತಲೇ ಹೊಲಸು ವಾಸನಿ ಕೂಡಿಸಿರ್ತಾರ."

ಗೊತ್ತಾಗಲಿ ಎಂದು. ನಾನು ನಕ್ಕೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಆ ವಾಸನೆ ಬಂತು. ನಳಿಗೆಯನ್ನು ಇಲಿ ಕಡಿದಿತ್ತು. ಮನೆಯಲ್ಲಿ ನಾನೊಬ್ಬಳೇ. ನನ್ನನ್ನು ನೋಡುವವರಿಲ್ಲ, ಬೈಯುವವರಿಲ್ಲ. ಆ ಕಂಪೌಂಡರು ಸತ್ತು ಎಷ್ಟೋ ವರ್ಷವಾಯಿತು. ಏನು ಮಾಡಬೇಕೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ರೆಗ್ಯುಲೇಟರ್ ಮುಚ್ಚಿದೆ, ಹಿತ್ತಲ ಬಾಗಿಲು ತೆರೆದೆ, ಹೊರಗೆ ಹೋಗಿ ನಿಂತೆ. ಆದರೆ ಅದೆಲ್ಲ ಆಮೇಲೆ. ಅದಕ್ಕೂ ಮೊದಲು, ಹೊಸ್ತಿಲ ಮೇಲೆ ನಿಂತ ಹಾಗೆಯೇ, ನನ್ನ ಕೈ ಸೆರಗನ್ನು ಎತ್ತಿ ಮೂಗಿಗೆ ಹಿಡಿದಿತ್ತು, ನಾರುತ್ತಿರುವುದು ನಾನೇ ಏನೋ ಎಂದು ನೋಡಲು.